ಉಳಿಯುವ ಡಿಎನ್‌ಎ, ಅಳಿಯುವ ಆರ್‌ಎನ್‌ಎ: ಹೊಸ ಔಷಧಗಳನ್ನು ಅಳೆಯುವುದು ಹೇಗೆ?

ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸುವ ಆದೇಶ ಹೊತ್ತ ಆರ್‌ಎನ್‌ಎ) ಲಸಿಕೆ ಬಂದಾಗಿನಿಂದ ಒಂದು ಪ್ರಶ್ನೆ ಸುತ್ತುತ್ತಲೇ ಇದೆ: ಇದು ನಮ್ಮ ಡಿಎನ್‌ಎಯನ್ನು ಬದಲಿಸುತ್ತದೆಯೇ? ಈಗ ಗೋಜಲು ಇನ್ನಷ್ಟು ಹೆಚ್ಚಿದೆ. ಕೊಲೆಸ್ಟರಾಲ್ ಇಳಿಸಲು ವರ್ಷಕ್ಕೆ ಎರಡೇ ಸಲ ಚುಚ್ಚುವ ಔಷಧ ಆರ್‌ಎನ್‌ಎ. ಶಿಶುಗಳ ಸ್ನಾಯು ಕುಗ್ಗಿಸುವ ಒಂದು ಕಾಯಿಲೆಗೆ ಡಿಎನ್‌ಎ ಔಷಧವೂ ಇದೆ, ಆರ್‌ಎನ್‌ಎಗೆ ಅಂಟುವ ತುಣುಕೂ ಇದೆ. ಸಿಕಲ್ ಸೆಲ್ ರಕ್ತಹೀನತೆಗೆ ರೋಗಿಯದೇ ಕಾಂಡಕೋಶಗಳನ್ನು ಹೊರತೆಗೆದು, ವಂಶವಾಹಿಯನ್ನು ತಿದ್ದಿ, ಮರಳಿ ಸೇರಿಸುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟವು. ಸುದ್ದಿಯಲ್ಲಿ ಇವೆಲ್ಲಕ್ಕೂ ಒಂದೇ ಹಣೆಪಟ್ಟಿ: 'ಜೀನ್ ಚಿಕಿತ್ಸೆ'. ಹೆದರುವವರು ಎಲ್ಲಕ್ಕೂ ಹೆದರುತ್ತಾರೆ, ನಂಬುವವರು ಎಲ್ಲವನ್ನೂ ನಂಬುತ್ತಾರೆ.

ಡಿಎನ್‌ಎ ಜೋಡಿ ಎಳೆ, ಆರ್‌ಎನ್‌ಎ ಒಂಟಿ ಎಳೆ. ಅಲ್ಲಿ ಥೈಮಿನ್, ಇಲ್ಲಿ ಯುರಾಸಿಲ್ ಎಂಬ ಕೋಷ್ಟಕವನ್ನು ಶಾಲೆಯಲ್ಲಿ ಬರೆಯದವರಿಲ್ಲ. ಅದು ತಪ್ಪಲ್ಲ. ಆದರೆ ತೂಕದ ಸಂಗತಿ ಅದರ ಮೂಲೆಯಲ್ಲಿ ಕೂತಿರುತ್ತದೆ: ಸಕ್ಕರೆ. ಆರ್‌ಎನ್‌ಎಯ ರೈಬೋಸ್‌ನಲ್ಲಿರುವ ಒಂದು ಆಮ್ಲಜನಕ ಪರಮಾಣು ಡಿಎನ್‌ಎಯ ಡಿಆಕ್ಸಿರೈಬೋಸ್‌ನಲ್ಲಿ ಇಲ್ಲ. ಯಾವ ಅಣು ಎಷ್ಟು ಕಾಲ ಬಾಳುತ್ತದೆ, ಯಾವುದನ್ನು ಕೊರೆಯುವ ಚಳಿಯಲ್ಲಿ ಇಡಬೇಕು, ಯಾವ ಔಷಧವನ್ನು ಮತ್ತೆ ಮತ್ತೆ ಕೊಡಬೇಕು, ಯಾವ ಬದಲಾವಣೆಯನ್ನು ಹಿಂದಕ್ಕೆ ತರಲಾಗದು ಎಂಬ ಪ್ರಶ್ನೆಗಳಿಗೆ ಬಹುಪಾಲು ಉತ್ತರ ಅಲ್ಲಿಂದಲೇ ಹೊರಡುತ್ತದೆ.

ಎಳೆ, ತಿರುವು, ಗಂಟು

ಎರಡೂ ಅಣುಗಳ ಘಟಕ ನ್ಯೂಕ್ಲಿಯೋಟೈಡ್. ಐದು ಇಂಗಾಲಗಳ ಸಕ್ಕರೆ, ಒಂದು ಫಾಸ್ಫೇಟ್, ಸಾರಜನಕವಿರುವ ಒಂದು ಪ್ರತ್ಯಾಮ್ಲ ಸೇರಿದರೆ ಒಂದು ಘಟಕ. ಪ್ರತ್ಯಾಮ್ಲ ಸಕ್ಕರೆಯ 1ನೇ ಇಂಗಾಲದ ಮೇಲೆ ಕೂರುತ್ತದೆ. ಒಂದು ಸಕ್ಕರೆಯ 3ನೇ ಇಂಗಾಲಕ್ಕೂ ಮುಂದಿನ ಸಕ್ಕರೆಯ 5ನೇ ಇಂಗಾಲಕ್ಕೂ ನಡುವೆ ಫಾಸ್ಫೇಟ್ ಕೊಂಡಿಯಾಗುತ್ತದೆ. ಹೀಗಾಗಿ ಎಳೆಗೊಂದು ದಿಕ್ಕಿದೆ. ಒಂದು ತುದಿ 5, ಇನ್ನೊಂದು 3. ಹೊಸ ಎಳೆ ಹೆಣೆಯುವ ಪಾಲಿಮರೇಸ್ ಕಿಣ್ವಗಳು 3ರ ತುದಿಗೆ ಮಾತ್ರ ಘಟಕ ಸೇರಿಸಬಲ್ಲವು. ಈ ಒಂದು ನಿರ್ಬಂಧದಿಂದಾಗಿಯೇ ಡಿಎನ್‌ಎ ನಕಲಾಗುವಾಗ ಒಂದು ಎಳೆ ಸಲೀಸಾಗಿ ಬೆಳೆಯುತ್ತದೆ, ಇನ್ನೊಂದನ್ನು ತುಂಡು ತುಂಡಾಗಿ ಹೆಣೆದು ಆಮೇಲೆ ಬೆಸೆಯಬೇಕಾಗುತ್ತದೆ. ನಮ್ಮ ಕೋಶಗಳಲ್ಲಿ ಆ ತುಂಡುಗಳ ಉದ್ದ 100ರಿಂದ 200 ಘಟಕ. ಪ್ರತಿ ತುಂಡೂ ಶುರುವಾಗುವುದು ಆರ್‌ಎನ್‌ಎಯ ಒಂದು ಚಿಕ್ಕ ಮೊನೆಯಿಂದ. ಕೆಲಸ ಮುಗಿದ ಮೇಲೆ ಅದನ್ನು ಕಿತ್ತು ಆ ಜಾಗವನ್ನು ಡಿಎನ್‌ಎಯಿಂದ ತುಂಬಲಾಗುತ್ತದೆ.

ಡಿಎನ್‌ಎಯ ಎರಡು ಎಳೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಓಡುತ್ತ ಹೆಣೆದುಕೊಂಡಿವೆ. ಸುರುಳಿಯ ಅಗಲ ಸುಮಾರು 2 ನ್ಯಾನೋಮೀಟರ್. ಒಂದು ಜೋಡಿಯಿಂದ ಮುಂದಿನ ಜೋಡಿಗೆ 0.34 ನ್ಯಾನೋಮೀಟರ್, ಒಂದು ಪೂರ್ಣ ಸುತ್ತಿಗೆ ಸುಮಾರು 10.5 ಜೋಡಿ. ಅಡೆನಿನ್ ಥೈಮಿನ್‌ನೊಂದಿಗೆ ಎರಡು ಜಲಜನಕ ಬಂಧಗಳಿಂದ, ಗ್ವಾನಿನ್ ಸೈಟೋಸಿನ್‌ನೊಂದಿಗೆ ಮೂರು ಬಂಧಗಳಿಂದ ಕೂಡುತ್ತದೆ. ಸುರುಳಿಗೆ ಗಟ್ಟಿತನ ಕೊಡುವುದು ಈ ಬಂಧಗಳೇ ಎಂದು ಬಹಳ ಕಡೆ ಬರೆದಿರುತ್ತದೆ. ಅದು ಅರ್ಧ ಸತ್ಯ. ಜೋಡಿಗಳು ಸರಿಯಾಗಿ ಹೊಂದುವಂತೆ ನೋಡಿಕೊಳ್ಳುವುದು ಜಲಜನಕ ಬಂಧ; ಸುರುಳಿಯನ್ನು ಹಿಡಿದಿಡುವ ಬಲದ ದೊಡ್ಡ ಪಾಲು ಬರುವುದು ಚಪ್ಪಟೆ ಪ್ರತ್ಯಾಮ್ಲಗಳು ಒಂದರ ಮೇಲೊಂದು ಒತ್ತಿ ಕೂತು, ನಡುವಿನ ನೀರನ್ನು ಹೊರದೂಡುವುದರಿಂದ. ಸುರುಳಿಯ ಹೊರಮೈಯಲ್ಲಿ ಒಂದು ಅಗಲ, ಒಂದು ಕಿರಿದು, ಹೀಗೆ ಎರಡು ತೋಡುಗಳು ಓಡುತ್ತವೆ. ವಂಶವಾಹಿಗಳನ್ನು ಚಾಲೂ ಮಾಡುವ ಪ್ರೋಟೀನ್‌ಗಳು ಹೆಚ್ಚಾಗಿ ಅಗಲ ತೋಡಿನಲ್ಲಿ ಬೆರಳಿಟ್ಟು, ಎಳೆ ಬಿಚ್ಚದೆಯೇ ಅಕ್ಷರಗಳನ್ನು, ಅಂದರೆ ಪ್ರತ್ಯಾಮ್ಲಗಳ ಸಾಲನ್ನು, ಓದುತ್ತವೆ.

ಮನುಷ್ಯನ ಒಂದು ಸಾಮಾನ್ಯ ಕೋಶದಲ್ಲಿ ತಾಯಿಯ ಮತ್ತು ತಂದೆಯ ಪಾಲು ಸೇರಿ ಸುಮಾರು 620 ಕೋಟಿ ಜೋಡಿಗಳಿವೆ. ಪ್ರತಿ ಜೋಡಿಗೆ 0.34 ನ್ಯಾನೋಮೀಟರ್‌ನಂತೆ ಗುಣಿಸಿದರೆ ಎರಡು ಮೀಟರ್ ದಾಟುತ್ತದೆ. ಅದು ಹಿಡಿಯಬೇಕಾದ ಕೋಶಕೇಂದ್ರದ ಅಗಲ ಹೆಚ್ಚೆಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. 147 ಜೋಡಿಗಳಷ್ಟು ಉದ್ದ ಎಂಟು ಹಿಸ್ಟೋನ್ ಪ್ರೋಟೀನ್‌ಗಳ ಗುಂಪಿನ ಸುತ್ತ ಒಂದೂಮುಕ್ಕಾಲಿಗೆ ಸ್ವಲ್ಪ ಕಡಿಮೆ ಸುತ್ತು ಬಿಗಿಯುತ್ತದೆ. ಅಂಥ ಗಂಟುಗಳ ಸಾಲೇ ವರ್ಣತಂತು. ಬಿಗಿಯಾಗಿ ಸುತ್ತಿದ ಕಡೆ ವಂಶವಾಹಿ ಮೌನ, ಸಡಿಲವಾದ ಕಡೆ ಕೆಲಸ. ನರಕೋಶಕ್ಕೂ ಪಿತ್ತಜನಕಾಂಗದ ಕೋಶಕ್ಕೂ ಡಿಎನ್‌ಎ ಒಂದೇ ಆದರೂ ಅವು ಬೇರೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಎರಡನೇ ಇಂಗಾಲದ ಮೇಲೆ

ಈಗ ಆ ಆಮ್ಲಜನಕಕ್ಕೆ ಬರೋಣ. ರೈಬೋಸ್‌ನ 2ನೇ ಇಂಗಾಲದ ಮೇಲೆ ಆಮ್ಲಜನಕ ಮತ್ತು ಜಲಜನಕದ ಒಂದು ಗುಂಪು, ಅಂದರೆ ಹೈಡ್ರಾಕ್ಸಿಲ್, ಇರುತ್ತದೆ. ಡಿಎನ್‌ಎಯಲ್ಲಿ ಆ ಜಾಗದಲ್ಲಿ ಬರೀ ಜಲಜನಕ. ಈ ಹೈಡ್ರಾಕ್ಸಿಲ್‌ಗೆ ಪಕ್ಕದಲ್ಲೇ, ಕೈಗೆಟಕುವಷ್ಟು ದೂರದಲ್ಲಿ, 3ನೇ ಇಂಗಾಲಕ್ಕೆ ಹೊಂದಿಕೊಂಡ ಫಾಸ್ಫೇಟ್ ಕೊಂಡಿ ಇದೆ. ಹೈಡ್ರಾಕ್ಸಿಲ್ ತನ್ನ ಜಲಜನಕವನ್ನು ಕಳೆದುಕೊಂಡರೆ ಅದರ ಆಮ್ಲಜನಕ ಆ ಫಾಸ್ಫೇಟ್‌ನ ಮೇಲೆ ಎರಗುತ್ತದೆ. ಫಾಸ್ಫೇಟ್ 2 ಮತ್ತು 3ನೇ ಇಂಗಾಲಗಳ ನಡುವೆ ಉಂಗುರವಾಗಿ ಸುತ್ತಿಕೊಂಡು, ಮುಂದಿನ ಘಟಕದೊಂದಿಗಿನ ನಂಟು ಕಡಿದುಹೋಗುತ್ತದೆ. ಆರ್‌ಎನ್‌ಎ ತನ್ನನ್ನು ತಾನೇ ಕತ್ತರಿಸಿಕೊಳ್ಳುವ ಬಗೆ ಇದು. ಕ್ಷಾರ ಹೆಚ್ಚಿದರೆ, ಬಿಸಿ ಹೆಚ್ಚಿದರೆ, ಮೆಗ್ನೀಸಿಯಂ ಅಯಾನು ಇದ್ದರೆ ಇದು ಚುರುಕಾಗುತ್ತದೆ. ಡಿಎನ್‌ಎಯಲ್ಲಿ ಎರಗಲು ಆ ಆಮ್ಲಜನಕವೇ ಇಲ್ಲ. ಗ್ರೀನ್‌ಲೆಂಡಿನ ಹೆಪ್ಪುಗಟ್ಟಿದ ಮಣ್ಣಿನಿಂದ ಸುಮಾರು 20 ಲಕ್ಷ ವರ್ಷ ಹಳೆಯ ಡಿಎನ್‌ಎ ತುಣುಕುಗಳನ್ನು ಓದಲು ಸಾಧ್ಯವಾದದ್ದರ ಹಿಂದೆ ಚಳಿಯ ಜೊತೆಗೆ ಈ ಗೈರುಹಾಜರಿಯೂ ಇದೆ.

ಪ್ರಯೋಗಾಲಯದಲ್ಲಿ ಈ ಅಂತರ ದಿನನಿತ್ಯದ ಶಿಸ್ತಾಗಿ ಕಾಣುತ್ತದೆ. ಡಿಎನ್‌ಎಯನ್ನು 10 ಮಿಲಿಮೋಲಾರ್ ಟ್ರಿಸ್ (ಪಿಎಚ್ ಸ್ಥಿರವಾಗಿಡುವ ರಾಸಾಯನಿಕ), 1 ಮಿಲಿಮೋಲಾರ್ ಇಡಿಟಿಎ ಇರುವ, ಪಿಎಚ್ 8ರ ದ್ರಾವಣದಲ್ಲಿ ಹಾಕಿ ಮೈನಸ್ 20 ಡಿಗ್ರಿಯಲ್ಲಿಟ್ಟರೆ ವರ್ಷಗಟ್ಟಲೆ ಚಿಂತೆಯಿಲ್ಲ. ಇಡಿಟಿಎಯ ಕೆಲಸ ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುವುದು. ಡಿಎನ್‌ಎ ಕತ್ತರಿಸುವ ಹೆಚ್ಚಿನ ಕಿಣ್ವಗಳು ಅದಿಲ್ಲದೆ ಕೈಚೆಲ್ಲುತ್ತವೆ. ಆರ್‌ಎನ್‌ಎ ಕಥೆ ಬೇರೆ. ಅದನ್ನು ಕತ್ತರಿಸುವ ಆರ್‌ಎನ್‌ಏಸ್ ಎ ಎಂಬ ಕಿಣ್ವಕ್ಕೆ ಮೆಗ್ನೀಸಿಯಂ ಬೇಕಿಲ್ಲ. ಆರ್‌ಎನ್‌ಎಯದೇ ಹೈಡ್ರಾಕ್ಸಿಲ್ ಅದಕ್ಕೆ ಸಾಕು. ಅದರೊಳಗಿನ ನಾಲ್ಕು ಗಂಧಕದ ಸೇತುವೆಗಳಿಂದಾಗಿ ಕುದಿಸಿ ತಣಿಸಿದರೂ ಅದು ಮತ್ತೆ ಮಡಚಿಕೊಂಡು ಕೆಲಸಕ್ಕಿಳಿಯುತ್ತದೆ. ಇಂಥ ಕಿಣ್ವಗಳು ನಮ್ಮ ಚರ್ಮದ ಮೇಲೂ ಇವೆ. ಆದ್ದರಿಂದಲೇ ಕೈಗವಸು ಪದೇ ಪದೇ ಬದಲಿಸುವುದು, ಆರ್‌ಎನ್‌ಏಸ್ ಇಲ್ಲದ ನೀರು, ಪ್ರತ್ಯೇಕ ಪಿಪೆಟ್, ಮೈನಸ್ 80 ಡಿಗ್ರಿ, ಒಂದೇ ನಳಿಕೆಯನ್ನು ಮತ್ತೆ ಮತ್ತೆ ಕರಗಿಸದಂತೆ ಮೊದಲೇ ಸಣ್ಣ ಪಾಲುಗಳಾಗಿ ಹಂಚಿಡುವುದು.

ಶುದ್ಧತೆ ನೋಡಲು 260 ಮತ್ತು 280 ನ್ಯಾನೋಮೀಟರ್ ಬೆಳಕಿನ ಹೀರಿಕೆಯ ಅನುಪಾತ ತೆಗೆಯುತ್ತಾರೆ. ಡಿಎನ್‌ಎಗೆ 1.8ರ ಆಸುಪಾಸು, ಆರ್‌ಎನ್‌ಎಗೆ 2.0ರ ಆಸುಪಾಸು ಬಂದರೆ ಪ್ರೋಟೀನ್ ಕಲಬೆರಕೆ ಇಲ್ಲವೆಂದು ಲೆಕ್ಕ. ಇಲ್ಲಿ ಹೊಸಬರು ಎಡವುವುದುಂಟು: ಚೂರುಚೂರಾದ ಆರ್‌ಎನ್‌ಎಯೂ 2.0 ಅನ್ನೇ ತೋರಿಸುತ್ತದೆ. ಅದು ಇಡಿಯಾಗಿದೆಯೇ ಎಂದು ತಿಳಿಯಲು ವಿದ್ಯುತ್ ಹರಿಸಿ ಜೆಲ್‌ನಲ್ಲಿ ಓಡಿಸಿ, ಪ್ರೋಟೀನ್ ಹೆಣೆಯುವ ಯಂತ್ರವಾದ ರೈಬೋಸೋಮ್‌ನ 28ಎಸ್ ಮತ್ತು 18ಎಸ್ ಎಂಬ ಎರಡು ಆರ್‌ಎನ್‌ಎಗಳ ಪಟ್ಟಿಗಳನ್ನು ನೋಡಬೇಕು. ಮೊದಲನೆಯದು ಎರಡನೆಯದರ ಎರಡು ಪಟ್ಟು ದಟ್ಟವಾಗಿದ್ದರೆ ಸರಿ, ಎರಡೂ ಮಸುಕಾಗಿ ಕೆಳಗೆ ಹೊಗೆಯಂತೆ ಹರಡಿದ್ದರೆ ಮಾದರಿ ಹಾಳಾಗಿದೆ.

ಥೈಮಿನ್ ಯಾಕೆ ಬೇಕಾಯಿತು?

ಕೋಷ್ಟಕದ ಇನ್ನೊಂದು ಸಾಲಿಗೂ, ಅಂದರೆ ಥೈಮಿನ್ ಮತ್ತು ಯುರಾಸಿಲ್‌ಗೂ, ಇಂಥದೇ ಗಟ್ಟಿ ಕಾರಣವಿದೆ. ಯುರಾಸಿಲ್‌ಗೆ ಒಂದು ಮೀಥೈಲ್ ಗುಂಪು ಅಂಟಿಸಿದರೆ ಥೈಮಿನ್. ಅಡೆನಿನ್ ಜೊತೆ ಎರಡೂ ಒಂದೇ ರೀತಿ ಕೂಡುತ್ತವೆ. ಹೀಗಿದ್ದೂ ಪ್ರತಿ ಥೈಮಿನ್‌ಗೆ ಕೋಶ ಹೆಚ್ಚುವರಿ ಶ್ರಮ ಪಡುವುದೇಕೆ?

ತೊಂದರೆ ಇರುವುದು ಸೈಟೋಸಿನ್‌ನಲ್ಲಿ. ನೀರಿನ ಸಂಪರ್ಕದಲ್ಲಿ ಅದು ತನ್ನಷ್ಟಕ್ಕೆ ಅಮೈನೋ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗಿಬಿಡುತ್ತದೆ. ಮನುಷ್ಯನ ಒಂದು ಕೋಶದಲ್ಲಿ ದಿನಕ್ಕೆ ನೂರಾರು ಸಲ ಹೀಗಾಗುತ್ತದೆಂಬ ಅಂದಾಜಿದೆ. ಗ್ವಾನಿನ್‌ಗೆ ಎದುರಾಗಿ ಕೂತ ಆ ಯುರಾಸಿಲ್ ಮುಂದಿನ ನಕಲಿನಲ್ಲಿ ಅಡೆನಿನ್ ಅನ್ನು ಕರೆಯುತ್ತದೆ, ಅಕ್ಷರ ಬದಲಾಗುತ್ತದೆ. ಡಿಎನ್‌ಎಯಲ್ಲಿ ಯುರಾಸಿಲ್ ಸಹಜವಾಗಿ ಇದ್ದಿದ್ದರೆ ಯಾವುದು ಮೂಲದ್ದು, ಯಾವುದು ಸೈಟೋಸಿನ್ ಕೆಟ್ಟು ಆದದ್ದು ಎಂದು ಹೇಳುವ ದಾರಿಯೇ ಇರುತ್ತಿರಲಿಲ್ಲ. ಸಹಜ ಅಕ್ಷರಕ್ಕೆ ಮೀಥೈಲ್ ಗುರುತು ಇರುವುದರಿಂದ ಗುರುತಿಲ್ಲದ ಯುರಾಸಿಲ್ ಕಂಡ ಕೂಡಲೇ ಅದು ಪರಕೀಯ. 1974ರಲ್ಲಿ ಥಾಮಸ್ ಲಿಂಡಾಲ್ ಗುರುತಿಸಿದ ಕಿಣ್ವ ಮಾಡುವುದು ಇದನ್ನೇ: ಸುರುಳಿಯುದ್ದಕ್ಕೂ ತಡಕಾಡುತ್ತ ಹೋಗಿ, ಯುರಾಸಿಲ್ ಅನ್ನು ಹೊರಕ್ಕೆ ಮಗುಚಿ, ಸಕ್ಕರೆಯಿಂದ ಕತ್ತರಿಸುತ್ತದೆ. ಬೋಳಾದ ಜಾಗದಲ್ಲಿ ಇನ್ನೊಂದು ಕಿಣ್ವ ಬೆನ್ನೆಲುಬನ್ನು ಕಡಿಯುತ್ತದೆ, ಪಾಲಿಮರೇಸ್ ಸರಿಯಾದ ಸೈಟೋಸಿನ್ ಇಡುತ್ತದೆ, ಲೈಗೇಸ್ ಬೆಸೆಯುತ್ತದೆ. ಡಿಎನ್‌ಎ ದುರಸ್ತಿಯ ಕೆಲಸಕ್ಕೆ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಕಾರ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಬಂತು.

ಈ ವ್ಯವಸ್ಥೆಗೂ ಒಂದು ಕುರುಡು ಕಲೆಯಿದೆ. ವಂಶವಾಹಿಗಳನ್ನು ಸುಮ್ಮನಿರಿಸಲು ಕೋಶ ಕೆಲವು ಸೈಟೋಸಿನ್‌ಗಳಿಗೂ ಮೀಥೈಲ್ ಅಂಟಿಸುತ್ತದೆ, ವಿಶೇಷವಾಗಿ ಮುಂದಿನ ಅಕ್ಷರ ಗ್ವಾನಿನ್ ಆಗಿರುವ ಕಡೆ. ಅಂಥ ಸೈಟೋಸಿನ್ ಅಮೈನೋ ಕಳೆದುಕೊಂಡರೆ ಆಗುವುದು ಯುರಾಸಿಲ್ ಅಲ್ಲ, ನೇರವಾಗಿ ಥೈಮಿನ್. ಅದು ಪರಕೀಯವಾಗಿ ಕಾಣುವುದಿಲ್ಲ. ಗ್ವಾನಿನ್ ಎದುರು ಥೈಮಿನ್ ಇರಬಾರದೆಂದು ಪತ್ತೆಹಚ್ಚುವ ಕಿಣ್ವಗಳಿದ್ದರೂ ಅವು ಅಷ್ಟು ಚುರುಕಲ್ಲ. ಹೀಗಾಗಿ ನಮ್ಮ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್‌ಎ ಬರಹದಲ್ಲಿ, ಅತಿ ಹೆಚ್ಚು ಅಕ್ಷರ ಬದಲಾವಣೆ ಆಗುವ ತಾಣಗಳು ಇವೇ. ಆನುವಂಶಿಕ ಕಾಯಿಲೆಗಳ, ಕ್ಯಾನ್ಸರ್‌ಗಳ ವರದಿಗಳಲ್ಲಿ ಸೈಟೋಸಿನ್ ಥೈಮಿನ್ ಆದ ಬದಲಾವಣೆ ಪದೇ ಪದೇ ಕಾಣುವುದಕ್ಕೆ ಇದು ಮುಖ್ಯ ಕಾರಣ.

ನಕಲು ಮಾಡುವಾಗಿನ ತಪ್ಪುಗಳ ಲೆಕ್ಕವೂ ಸ್ವಾರಸ್ಯದ್ದು. ಪಾಲಿಮರೇಸ್ ಒಂದೇ ಓಟದಲ್ಲಿ ಸುಮಾರು ಲಕ್ಷಕ್ಕೊಂದು ಅಕ್ಷರ ತಪ್ಪುತ್ತದೆ. 620 ಕೋಟಿ ಅಕ್ಷರಗಳಿಗೆ ಇದು 62,000 ತಪ್ಪು. ಯಾವ ಜೀವಿಯೂ ತಾಳಲಾರದು. ತಪ್ಪಾಗಿ ಕೂತ ಅಕ್ಷರವನ್ನು ಅದೇ ಕಿಣ್ವ ಹಿಂದೆ ಸರಿದು ಕಿತ್ತುಹಾಕುವುದರಿಂದ ಇದು ನೂರು ಪಟ್ಟು ತಗ್ಗುತ್ತದೆ. ಆಮೇಲೆ ಬರುವ ದುರಸ್ತಿ ತಂಡ ಇನ್ನೂ ನೂರರಿಂದ ಸಾವಿರ ಪಟ್ಟು ತಗ್ಗಿಸುತ್ತದೆ. ಒಮ್ಮೆ ಕೋಶ ವಿಭಜನೆಯಾದರೆ ಕೊನೆಗೆ ಉಳಿಯುವುದು ಬೆರಳೆಣಿಕೆಯ ತಪ್ಪು. ಈ ಕೊನೆಯ ತಂಡದ ವಂಶವಾಹಿಗಳೇ ಹುಟ್ಟಿನಿಂದ ಕೆಟ್ಟಿದ್ದರೆ ಅದು ಲಿಂಚ್ ಸಿಂಡ್ರೋಮ್. ಅಂಥವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಚಿಕ್ಕ ವಯಸ್ಸಿಗೇ ಬರುವ ಅಪಾಯ ಹೆಚ್ಚು. ಡಿಎನ್‌ಎ ನೋಡಿ ಆರ್‌ಎನ್‌ಎ ಪ್ರತಿ ಬರೆಯುವ ಕಿಣ್ವಗಳಿಗೆ ಇಷ್ಟೆಲ್ಲ ಕಾವಲಿಲ್ಲ. ಬೇಕೂ ಇಲ್ಲ, ಯಾಕೆಂದರೆ ತಪ್ಪಿದ ಪ್ರತಿ ಬೇಗ ಹಾಳಾಗುತ್ತದೆ, ಮೂಲ ಹಾಗೇ ಇರುತ್ತದೆ.

ಅಳಿಯುವುದೇ ಅದರ ಕೆಲಸ

ಆರ್‌ಎನ್‌ಎಯ ಅಲ್ಪಾಯುಷ್ಯವನ್ನು ದೋಷವೆಂದು ನೋಡುವುದು ಸರಿಯಲ್ಲ. ಊಟವಾದ ಮೇಲೆ ಬೇಕಾದ ಪ್ರೋಟೀನ್ ಉಪವಾಸದಲ್ಲಿ ಬೇಡ. ಅದನ್ನು ತಯಾರಿಸುವ ಆದೇಶ, ಅಂದರೆ ಎಂಆರ್‌ಎನ್‌ಎ, ತಾನಾಗಿ ಅಳಿದುಹೋದರೆ ಮಾತ್ರ ಕೋಶ ಹೊಸ ಪರಿಸ್ಥಿತಿಗೆ ತಿರುಗಬಲ್ಲದು. ಬ್ಯಾಕ್ಟೀರಿಯಾದಲ್ಲಿ ಹೆಚ್ಚಿನ ಎಂಆರ್‌ಎನ್‌ಎಗಳು ಕೆಲವೇ ನಿಮಿಷ ಬಾಳುತ್ತವೆ. ನಮ್ಮ ಕೋಶಗಳಲ್ಲಿ ಕೆಲವು ಅರ್ಧ ಗಂಟೆ, ಬಹುಪಾಲು ಕೆಲವು ಗಂಟೆ, ಹಿಮೋಗ್ಲೋಬಿನ್‌ನಂಥವು ದಿನಗಟ್ಟಲೆ.

ಕೋಶಕೇಂದ್ರದಲ್ಲಿ ಬರೆದ ಪ್ರತಿ ಹಾಗೇ ಹೊರಗೆ ಹೋಗುವುದಿಲ್ಲ. 5ರ ತುದಿಗೆ ತಲೆಕೆಳಗಾಗಿ ಜೋಡಿಸಿದ ಮೀಥೈಲ್ ಗ್ವಾನಿನ್‌ನ ಟೊಪ್ಪಿ ಬೀಳುತ್ತದೆ. 3ರ ತುದಿಗೆ ಸುಮಾರು 200 ಅಡೆನಿನ್‌ಗಳ ಬಾಲ ಬೆಳೆಯುತ್ತದೆ. ನಡುವಿನ ಬೇಡದ ಭಾಗಗಳನ್ನು ಕತ್ತರಿಸಿ, ಬೇಕಾದ ಭಾಗಗಳನ್ನು ಬೆಸೆಯಲಾಗುತ್ತದೆ. ಕತ್ತರಿಸುವ ಭಾಗ ಇಂಟ್ರಾನ್, ಉಳಿಯುವುದು ಎಕ್ಸಾನ್. ಸ್ನಾಯುವಿನ ಡಿಸ್ಟ್ರೋಫಿನ್ ವಂಶವಾಹಿಯ ಉದ್ದ 22 ಲಕ್ಷ ಅಕ್ಷರ. ಅದನ್ನು ಒಮ್ಮೆ ಬರೆಯಲು ಕಿಣ್ವಕ್ಕೆ ಸುಮಾರು 16 ಗಂಟೆ ಹಿಡಿಯುತ್ತದೆ. ಕತ್ತರಿಸಿ 79 ಎಕ್ಸಾನ್‌ಗಳನ್ನು ಜೋಡಿಸಿದ ಮೇಲೆ ಉಳಿಯುವುದು ಬರೀ 14,000 ಅಕ್ಷರ.

ಹೊರಬಂದ ಪ್ರತಿಯನ್ನು ರೈಬೋಸೋಮ್ ಮೂರು ಮೂರು ಅಕ್ಷರಗಳಾಗಿ ಓದುತ್ತದೆ. 64 ತ್ರಿವಳಿಗಳಲ್ಲಿ 61 ಅಮೈನೋ ಆಮ್ಲಗಳಿಗೆ, ಮೂರು ನಿಲುಗಡೆಗೆ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಬರೀ ಯುರಾಸಿಲ್‌ಗಳ ಆರ್‌ಎನ್‌ಎ ಹಾಕಿ ಬರೀ ಫಿನೈಲ್ಅಲನಿನ್‌ನ ಸರಪಳಿ ಪಡೆದು ಮೊದಲ ತ್ರಿವಳಿಯನ್ನು ಬಿಡಿಸಿದರು; ಉಳಿದವನ್ನು ಬಿಡಿಸುವುದರಲ್ಲಿ ದೊಡ್ಡ ಪಾಲು ಹರಗೋಬಿಂದ್ ಖುರಾನಾ ಅವರದು. ಕೋಶದ ಆರ್‌ಎನ್‌ಎಯಲ್ಲಿ ಎಂಆರ್‌ಎನ್‌ಎ ಇರುವುದು ನೂರಕ್ಕೆ ಐದರ ಒಳಗೆ. ಸುಮಾರು 80 ಪಾಲು ರೈಬೋಸೋಮ್‌ನ ಒಳಗಿನ ಆರ್‌ಎನ್‌ಎ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆಯುವ ಕ್ರಿಯೆ ನಡೆಯುವ ತಾಣದಲ್ಲಿ ಪ್ರೋಟೀನ್ ಅಲ್ಲ, ಆರ್‌ಎನ್‌ಎಯೇ ಕಿಣ್ವದ ಕೆಲಸ ಮಾಡುತ್ತದೆ. ಒಂಟಿ ಎಳೆಯಾದ್ದರಿಂದ ತನ್ನ ಮೇಲೆ ತಾನೇ ಮಡಚಿಕೊಂಡು ಬಗೆಬಗೆಯ ಆಕಾರ ತಾಳಬಲ್ಲದು; ತನ್ನನ್ನು ತಾನೇ ಕತ್ತರಿಸಿಕೊಳ್ಳುವ ಅದೇ ಹೈಡ್ರಾಕ್ಸಿಲ್ ಇಲ್ಲಿ ಉಪಕರಣ.

ಲಸಿಕೆಯ ಆರ್‌ಎನ್‌ಎ ಎಲ್ಲಿಗೆ ಹೋಗುತ್ತದೆ?

ಇಷ್ಟು ತಿಳಿದ ಮೇಲೆ ಎಂಆರ್‌ಎನ್‌ಎ ಲಸಿಕೆ ಒಗಟಾಗಿ ಉಳಿಯುವುದಿಲ್ಲ. ಫೈಜರ್ ಮತ್ತು ಬಯಾನ್‌ಟೆಕ್‌ನ ಕೋವಿಡ್ ಲಸಿಕೆಯ ಮೊದಲ ರೂಪದಲ್ಲಿ 4,284 ಅಕ್ಷರಗಳ ಒಂದು ಎಳೆ, ವಯಸ್ಕರಿಗೆ 30 ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ ಹತ್ತು ಲಕ್ಷ ಕೋಟಿಗೂ ಹೆಚ್ಚು ಪ್ರತಿಗಳು. ಟೊಪ್ಪಿ, ಓದದ ಮುಂಭಾಗ, ವೈರಸ್‌ನ ಮುಳ್ಳಿನ ಪ್ರೋಟೀನ್‌ನ ಸೂತ್ರ, ಓದದ ಹಿಂಭಾಗ, ಅಡೆನಿನ್ ಬಾಲ. ಕೋಶದ ಎಂಆರ್‌ಎನ್‌ಎಯದೇ ಮೈಕಟ್ಟು. ವ್ಯತ್ಯಾಸವೆಂದರೆ ಯುರಿಡಿನ್ (ಸಕ್ಕರೆಗೆ ಅಂಟಿದ ಯುರಾಸಿಲ್) ಬದಲು ಅದರ ಮಾರ್ಪಡಿಸಿದ ರೂಪ, ಮೀಥೈಲ್ ಇರುವ ಸ್ಯೂಡೋಯುರಿಡಿನ್. ಹೊರಗಿನಿಂದ ಬಂದ ಬರಿಯ ಆರ್‌ಎನ್‌ಎಯನ್ನು ಕೋಶ ವೈರಸ್ ಎಂದೇ ಬಗೆದು ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಘಟಕವನ್ನು ಮಾರ್ಪಡಿಸಿದರೆ ಆ ಗಂಟೆ ಬಾರಿಸುವುದಿಲ್ಲವೆಂದು ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. 2023ರ ನೊಬೆಲ್ ಅದಕ್ಕೇ. ಎಳೆಯನ್ನು ಸುತ್ತಿರುವುದು ನಾಲ್ಕು ಬಗೆಯ ಕೊಬ್ಬಿನ ಕಣ. ಕೊಬ್ಬು ಕೋಶದೊಳಗೆ ದಾಟಿಸುತ್ತದೆ, ಕಿಣ್ವಗಳಿಂದ ಕಾಯುತ್ತದೆ. ಆದರೆ ನೀರು ಒಳಗೂ ಇದೆ. ಹೈಡ್ರಾಕ್ಸಿಲ್ ತನ್ನ ಕೆಲಸ ಬಿಡುವುದಿಲ್ಲ. ಮೊದಮೊದಲು ಈ ಲಸಿಕೆಗೆ ಮೈನಸ್ 70 ಡಿಗ್ರಿ ಬೇಕಾದದ್ದರಲ್ಲಿ ಇದರ ಪಾಲು ದೊಡ್ಡದು. ಈ 4,284 ಅಕ್ಷರಗಳ ನಡುವಿನ ಕೊಂಡಿಗಳಲ್ಲಿ ಒಂದು ಕಡಿದರೂ ಆ ಪ್ರತಿಯಿಂದ ಪೂರ್ತಿ ಪ್ರೋಟೀನ್ ಬರುವುದಿಲ್ಲ.

ಡಿಎನ್‌ಎ ಬದಲಾಗಬೇಕಾದರೆ ಏನೆಲ್ಲ ಆಗಬೇಕು? ಎಳೆ ಕೋಶಕೇಂದ್ರಕ್ಕೆ ಹೋಗಬೇಕು. ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಹಿಮ್ಮುಖ ಬರೆಯುವ ಕಿಣ್ವ ಬೇಕು. ಬರೆದದ್ದನ್ನು ವರ್ಣತಂತುವಿಗೆ ಹೊಲಿಯುವ ವ್ಯವಸ್ಥೆಯೂ ಬೇಕು. ಎಚ್‌ಐವಿ ಇವೆಲ್ಲವನ್ನೂ ಹೊತ್ತು ತರುತ್ತದೆ. ಲಸಿಕೆ ಒಂದನ್ನೂ ತರುವುದಿಲ್ಲ. ನಮ್ಮದೇ ಜೀನೋಮಿನಲ್ಲಿ ಲೈನ್-1 ಎಂಬ ಅಲೆಮಾರಿ ತುಣುಕುಗಳಿಗೆ ಹಿಮ್ಮುಖ ಬರೆಯುವ ಕಿಣ್ವ ಇರುವುದು ನಿಜ, ಮತ್ತು ಅದು ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚು ಚುರುಕು. 2022ರಲ್ಲಿ ಪಿತ್ತಜನಕಾಂಗದ ಕ್ಯಾನ್ಸರ್ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಲಸಿಕೆ ಸುರಿದಾಗ ಅದರ ಡಿಎನ್‌ಎ ರೂಪದ ತುಣುಕು ಸಿಕ್ಕಿತೆಂಬ ವರದಿ ಬಂತು. ಆ ತುಣುಕು ವರ್ಣತಂತುವಿಗೆ ಸೇರಿತೆಂದು ಆ ಅಧ್ಯಯನ ತೋರಿಸಲಿಲ್ಲ, ಅದು ಮನುಷ್ಯರ ಮೇಲೆ ನಡೆದದ್ದೂ ಅಲ್ಲ. ಆ ವರದಿಯನ್ನು ಹಂಚಿಕೊಂಡವರು ಈ ಎರಡು ಮಾತನ್ನು ಬಿಟ್ಟೇ ಹಂಚಿಕೊಂಡರು. ಇತ್ತ ಲಸಿಕೆಯ ಪರ ನಿಂತವರು 'ಎರಡು ದಿನದಲ್ಲಿ ಮಾಯ' ಎಂದು ಸಾರಿದ್ದೂ ಅತಿಯಾಯಿತು. ದುಗ್ಧಗ್ರಂಥಿಗಳಲ್ಲಿ ವಾರಗಳ ನಂತರವೂ ಕುರುಹು ಕಂಡ ಅಧ್ಯಯನವಿದೆ. ನಿಧಾನವಾಗಿ ಅಳಿಯುವುದಕ್ಕೂ ಶಾಶ್ವತವಾಗಿ ಉಳಿಯುವುದಕ್ಕೂ ಬಹಳ ಅಂತರವಿದೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು.

ಇದಕ್ಕಿಂತ ಗಂಭೀರವಾಗಿ ಚರ್ಚಿಸಬೇಕಾದದ್ದು ಉಳಿಕೆ ಡಿಎನ್‌ಎ. ಲಸಿಕೆಯ ಆರ್‌ಎನ್‌ಎ ತಯಾರಾಗುವುದು ಡಿಎನ್‌ಎ ಅಚ್ಚಿನಿಂದ. ಕೆಲಸ ಮುಗಿದ ಮೇಲೆ ಅಚ್ಚನ್ನು ಕಿಣ್ವದಿಂದ ಚೂರು ಮಾಡಿ ಶುದ್ಧೀಕರಿಸುತ್ತಾರೆ, ಪೂರ್ತಿ ಹೋಗುವುದಿಲ್ಲ. ಒಂದು ಡೋಸಿಗೆ 10 ನ್ಯಾನೋಗ್ರಾಂ ಮಿತಿ. ವಿವಾದಕ್ಕೆ ಕಾರಣವಾದದ್ದು ಅಳೆಯುವ ವಿಧಾನ. ಪಿಸಿಆರ್ (ಡಿಎನ್‌ಎ ತುಣುಕನ್ನು ಪದೇ ಪದೇ ನಕಲಿಸಿ ಅಳೆಯುವ ವಿಧಾನ) ಒಂದು ನಿರ್ದಿಷ್ಟ ಭಾಗ ಇಡಿಯಾಗಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಾಗಾಗಿ ಸಣ್ಣ ಚೂರುಗಳು ತಪ್ಪುತ್ತವೆ. ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಆರ್‌ಎನ್‌ಎಗೂ ತುಸು ಅಂಟುತ್ತದೆ. ಸಾವಿರಾರು ಪಟ್ಟು ಹೆಚ್ಚು ಆರ್‌ಎನ್‌ಎ ಇರುವ ಸೀಸೆಯಲ್ಲಿ ಆ 'ತುಸು' ದೊಡ್ಡ ಸುಳ್ಳು ಸಂಖ್ಯೆಯಾಗಬಹುದು. ಮೊದಲು ಆರ್‌ಎನ್‌ಎಯನ್ನು ಪೂರ್ತಿ ಕರಗಿಸಿದರೇ, ಯಾವ ವಿಧಾನ ಬಳಸಿದರು ಎಂದು ಹೇಳದ ಯಾವ ಸಂಖ್ಯೆಯನ್ನೂ, ಯಾವ ಕಡೆಯವರದ್ದೇ ಆಗಲಿ, ನಂಬಬೇಕಿಲ್ಲ.

ಒಂದೇ ಕಾಯಿಲೆ, ಎರಡು ದಾರಿ

ಆರ್‌ಎನ್‌ಎಯನ್ನು ಬಾಳಿಸಬೇಕಾದರೆ 2ನೇ ಇಂಗಾಲಕ್ಕೇ ಕೈಹಾಕಬೇಕು. ಇನ್‌ಕ್ಲಿಸಿರಾನ್ ಎಂಬ ಕೊಲೆಸ್ಟರಾಲ್ ಔಷಧ ಇಪ್ಪತ್ತು ಚಿಲ್ಲರೆ ಅಕ್ಷರಗಳ ಜೋಡಿ ಎಳೆಯ ಆರ್‌ಎನ್‌ಎ. ಅದರ ಹೈಡ್ರಾಕ್ಸಿಲ್‌ಗಳ ಜಾಗದಲ್ಲಿ ಫ್ಲೋರಿನ್ ಅಥವಾ ಮೀಥಾಕ್ಸಿ ಗುಂಪು ಕೂರಿಸಿದ್ದಾರೆ. ಎರಗುವ ಆಮ್ಲಜನಕ ಕೈಕಟ್ಟಿ ಕೂತಂತೆ. ಆದ್ದರಿಂದ ಎಂಆರ್‌ಎನ್‌ಎಯಂತೆ ದಿನಗಳಲ್ಲಿ ಮುಗಿಯದೆ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಅದು ಪಿತ್ತಜನಕಾಂಗದ ಕೋಶದಲ್ಲಿ, ರಕ್ತದಿಂದ ಕೊಲೆಸ್ಟರಾಲ್ ತೆಗೆಯುವುದಕ್ಕೆ ಅಡ್ಡಿಯಾಗುವ ಪಿಸಿಎಸ್‌ಕೆ9 ಪ್ರೋಟೀನ್‌ನ ಎಂಆರ್‌ಎನ್‌ಎಯನ್ನು ಹುಡುಕಿ ಕತ್ತರಿಸುವಂತೆ ಮಾಡುತ್ತದೆ, ಡಿಎನ್‌ಎಯನ್ನು ಮುಟ್ಟುವುದಿಲ್ಲ. ಚುಚ್ಚುವುದು ನಿಲ್ಲಿಸಿದರೆ ಪರಿಣಾಮ ನಿಧಾನವಾಗಿ ಇಳಿಯುತ್ತದೆ.

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಶಿಶುಗಳ ಕಾಯಿಲೆಯಲ್ಲಿ ಈ ಇಡೀ ವಿಷಯ ಒಂದೇ ಕಡೆ ಕಾಣಸಿಗುತ್ತದೆ. ಅಲ್ಲಿ ಎಸ್‌ಎಂಎನ್1 ವಂಶವಾಹಿ ಇಲ್ಲವಾಗಿ, ಸ್ನಾಯು ಆಡಿಸುವ ನರಕೋಶಗಳು ಸಾಯುತ್ತವೆ. ಎಸ್‌ಎಂಎನ್2 ಎಂಬ ಹೆಚ್ಚುಕಡಿಮೆ ತದ್ರೂಪು ಪಕ್ಕದಲ್ಲೇ ಇದೆ. ಅದರ 7ನೇ ಎಕ್ಸಾನ್‌ನ 6ನೇ ಅಕ್ಷರ ಸೈಟೋಸಿನ್ ಬದಲು ಥೈಮಿನ್. ಅಮೈನೋ ಆಮ್ಲ ಬದಲಾಗುವುದಿಲ್ಲ, ಎರಡೂ ಫಿನೈಲ್ಅಲನಿನ್ನೇ. ಆದರೆ ಆ ಅಕ್ಷರದಿಂದಾಗಿ ಕತ್ತರಿಸಿ ಬೆಸೆಯುವ ಯಂತ್ರ ಇಡೀ ಎಕ್ಸಾನನ್ನೇ ಬಹುಪಾಲು ಪ್ರತಿಗಳಲ್ಲಿ ಬಿಟ್ಟುಬಿಡುತ್ತದೆ, ಪ್ರೋಟೀನ್ ಮುರುಕಲಾಗುತ್ತದೆ. 'ಅಮೈನೋ ಆಮ್ಲ ಬದಲಾಗದ ಮ್ಯುಟೇಶನ್ ನಿರುಪದ್ರವಿ' ಎಂಬ ಪಠ್ಯದ ಮಾತು ಇಲ್ಲಿ ಕುಸಿಯುತ್ತದೆ.

ಒಂದು ದಾರಿ ನುಸಿನೆರ್ಸೆನ್: 18 ಅಕ್ಷರಗಳ ತುಣುಕು, ಪ್ರತಿ ಸಕ್ಕರೆಯ 2ನೇ ಇಂಗಾಲದಲ್ಲೂ ಮೀಥಾಕ್ಸಿಈಥೈಲ್ ಗುಂಪು. ಅದು 7ನೇ ಎಕ್ಸಾನ್ ಮುಂದಿನ ಇಂಟ್ರಾನ್‌ನಲ್ಲಿ 'ಬಿಟ್ಟುಬಿಡು' ಎನ್ನುವ ಗುರುತಿನ ಮೇಲೆ ಅಂಟಿ ಕೂತು ಮುಚ್ಚಿಬಿಡುತ್ತದೆ, ಎಕ್ಸಾನ್ ಉಳಿಯುತ್ತದೆ. ಬೆನ್ನುಹುರಿಯ ದ್ರವಕ್ಕೆ 12 ಮಿಲಿಗ್ರಾಂ, ಮೊದಲ ನಾಲ್ಕು ಡೋಸುಗಳ ನಂತರ ನಾಲ್ಕು ತಿಂಗಳಿಗೊಮ್ಮೆ, ಜೀವನಪರ್ಯಂತ ಎಂಬುದು 2016ರಲ್ಲಿ ಒಪ್ಪಿಗೆ ಪಡೆದ ಕ್ರಮ. ಇನ್ನೊಂದು ದಾರಿ ಎಸ್‌ಎಂಎನ್1ರ ಸರಿಯಾದ ಡಿಎನ್‌ಎಯನ್ನೇ ಎಎವಿ9 ಎಂಬ ನಿರುಪದ್ರವಿ ವೈರಸ್ ಕವಚದಲ್ಲಿ ಒಮ್ಮೆ ಕೊಡುವುದು. ಆ ಡಿಎನ್‌ಎ ಹೆಚ್ಚಾಗಿ ವರ್ಣತಂತುವಿಗೆ ಸೇರದೆ ಕೋಶಕೇಂದ್ರದಲ್ಲಿ ಉಂಗುರವಾಗಿ ಉಳಿಯುತ್ತದೆ. ಕೋಶ ವಿಭಜನೆಯಾದರೆ ಹಂಚಿಹೋಗಿ ತೆಳುವಾಗುತ್ತದೆ. ನರಕೋಶ ವಿಭಜನೆಯಾಗುವುದಿಲ್ಲ, ಆದ್ದರಿಂದ ಒಂದೇ ಡೋಸ್ ಸಾಲುತ್ತದೆ. ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುವ ಅಪಾಯ ಇದರದ್ದು. ಡೋಸ್ ಹಿಂದಕ್ಕೆ ಪಡೆಯಲಾಗದು, ದೇಹದಲ್ಲಿ ಕವಚದ ವಿರುದ್ಧ ಪ್ರತಿಕಾಯ ಬೆಳೆಯುವುದರಿಂದ ಎರಡನೇ ಸಲ ಕೊಡಲೂ ಆಗದು.

ಆರ್‌ಎನ್‌ಎ ಹೋಗುತ್ತದೆ, ಬರಹ ಉಳಿಯುತ್ತದೆ

ವಂಶವಾಹಿ ತಿದ್ದುವ ಉಪಕರಣಗಳಲ್ಲಿ ಅಳಿಯುವ, ಉಳಿಯುವ ಈ ಎರಡೂ ಗುಣ ಕೂಡಿವೆ. ಕ್ರಿಸ್ಪರ್‌ನಲ್ಲಿ 20 ಅಕ್ಷರಗಳ ಗುರಿಯನ್ನು ತೋರಿಸುವುದು ಆರ್‌ಎನ್‌ಎ, ಕತ್ತರಿಸುವುದು ಕ್ಯಾಸ್9 ಪ್ರೋಟೀನ್. ಎರಡೂ ಎಳೆ ಕಡಿದ ಮೇಲೆ ಕೋಶ ಅವಸರದಲ್ಲಿ ಬೆಸೆಯುವಾಗ ಕೆಲವೊಮ್ಮೆ ನಿರೀಕ್ಷೆಗಿಂತ ದೊಡ್ಡ ಭಾಗವೇ ಕಳೆದುಹೋಗುತ್ತದೆ. ಅದನ್ನು ತಪ್ಪಿಸಲು ಬಂದದ್ದು ಕಡಿಯದೆ ಅಕ್ಷರ ಬದಲಿಸುವ ಬೇಸ್ ಎಡಿಟರ್. 2016ರಲ್ಲಿ ಬಂದ ಮೊದಲ ಬಗೆ ಸೈಟೋಸಿನ್‌ನ ಅಮೈನೋ ಗುಂಪನ್ನು ತೆಗೆದು ಯುರಾಸಿಲ್ ಮಾಡುತ್ತದೆ, ಅಂದರೆ ಕೋಶ ದಿನವೂ ಹೋರಾಡುವ ಅದೇ ಕೇಡನ್ನು ಬೇಕೆಂದೇ ಒಂದು ಜಾಗದಲ್ಲಿ ಉಂಟುಮಾಡುತ್ತದೆ. ಲಿಂಡಾಲ್ ಕಂಡ ಕಿಣ್ವ ಬಂದು ಅದನ್ನು ಕಿತ್ತುಹಾಕದಂತೆ, ಆ ಕಿಣ್ವವನ್ನು ತಡೆಯುವ ಒಂದು ಪ್ರೋಟೀನನ್ನೂ ಎಡಿಟರ್‌ಗೆ ಕಟ್ಟಿ ಕಳಿಸಬೇಕಾಯಿತು.

ಫಿಲಡೆಲ್ಫಿಯಾದಲ್ಲಿ 2025ರಲ್ಲಿ ಒಂದು ಶಿಶುವಿಗೆ ಕೊಟ್ಟದ್ದು ಅಡೆನಿನ್ ಬದಲಿಸುವ ಬಗೆಯನ್ನು. ಅಮೋನಿಯಾವನ್ನು ದೇಹದಿಂದ ಕಳೆಯುವ ಸಿಪಿಎಸ್1 ಎಂಬ ಕಿಣ್ವದ ವಂಶವಾಹಿ ಕೆಟ್ಟಿತ್ತು; ಆ ಒಂದು ಮಗುವಿನ ಒಂದು ಅಕ್ಷರಕ್ಕಾಗಿ ಔಷಧವನ್ನು ಕೆಲವೇ ತಿಂಗಳಲ್ಲಿ ಸಿದ್ಧಪಡಿಸಿದರು. ಎಡಿಟರ್‌ನ ಎಂಆರ್‌ಎನ್‌ಎ ಮತ್ತು ಗುರಿ ತೋರುವ ಆರ್‌ಎನ್‌ಎ, ಎರಡನ್ನೂ ಕೊಬ್ಬಿನ ಕಣದಲ್ಲಿ ತುಂಬಿ ರಕ್ತಕ್ಕೆ ಬಿಟ್ಟರು. ಆರ್‌ಎನ್‌ಎ ಆಯ್ದದ್ದು ಬೇಕೆಂದೇ: ತಿದ್ದುವ ಯಂತ್ರ ದಿನಗಳಲ್ಲಿ ಅಳಿದರೆ ಗುರಿಯಲ್ಲದ ಕಡೆ ಕೈಯಾಡಿಸಲು ಸಮಯ ಸಿಗುವುದಿಲ್ಲ. ವೈರಸ್ ಕವಚ ಇಲ್ಲದ್ದರಿಂದ ಮತ್ತೆ ಡೋಸ್ ಕೊಡಲೂ ಸಾಧ್ಯವಾಯಿತು. ಹೀಗೆ ಕೊಟ್ಟ ಕಣಗಳ ಮೈಗೆ ರಕ್ತದಲ್ಲಿನ ಕೊಬ್ಬು ಸಾಗಿಸುವ ಪ್ರೋಟೀನ್ ಅಂಟಿ, ಅವು ಪಿತ್ತಜನಕಾಂಗದ ಕೋಶಗಳಿಗೇ ಹೆಚ್ಚಾಗಿ ಸೇರುತ್ತವೆ. ಈ ಕಾಯಿಲೆಗೆ ಅದು ಅನುಕೂಲ. ಮೆದುಳು, ಸ್ನಾಯು, ಹೃದಯದ ಕಾಯಿಲೆಗಳಿಗೆ ಇನ್ನೂ ಇಂಥ ಸಲೀಸಾದ ದಾರಿಯಿಲ್ಲ.

ಅಮೆರಿಕದ ಔಷಧ ನಿಯಂತ್ರಕರು ಈ ಅಂತರವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಎಎವಿ ಮೂಲಕ ವಂಶವಾಹಿ ಪಡೆದವರನ್ನು 5 ವರ್ಷದವರೆಗೆ, ಜೀನೋಮ್ ತಿದ್ದಿಸಿಕೊಂಡವರನ್ನು 15 ವರ್ಷದವರೆಗೆ ಗಮನಿಸುತ್ತಿರಬೇಕೆಂಬುದು ಅವರ ಶಿಫಾರಸು. ಕೆಲಸ ಮಾಡಿದ ಆರ್‌ಎನ್‌ಎ ಆ ಹೊತ್ತಿಗೆ ಎಂದೋ ಇಲ್ಲವಾಗಿರುತ್ತದೆ. ಗಮನಿಸುವುದು ಅದು ತಿದ್ದಿಹೋದ ಡಿಎನ್‌ಎಯನ್ನು, ಆ ಡಿಎನ್‌ಎ ಹೊತ್ತು ವಿಭಜನೆಯಾಗುತ್ತ ಹೋಗುವ ಕೋಶಗಳನ್ನು.